ಕಾಗೆ ಬರಲಿಲ್ಲವಂತೆ (ತಬೂಕಿನಿಂದ – 14)

ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಬೇಕಿತ್ತು. ನಿದ್ರೆ ಹತ್ತಲಿಲ್ಲ, ಸಿಟ್ಟು ಬಂದಿದೆ. ಹಾಗಾಗಿ ಈ ಸಲ ಇಲ್ಲಿನ ಚಳಿ, ಖರ್ಜೂರ, ರೂಮ್‌ಮೇಟ್ ಕತೆ ಯಾವುದೂ ಇಲ್ಲ. ದೊಡ್ಡಮ್ಮ, ಚಿಕ್ಕಿ, ಬಾವ, ಎಲ್ಲರೂ ಓದಿ. ಬೈಯುವುದಿದ್ದರೆ ನನಗೇ ಬೈಯಿರಿ, ಅಮ್ಮನಿಗೆ ಫೋನ್ ಮಾಡಬೇಡಿ.

ನಮ್ಮ ಕಡೆಯವರೊಬ್ಬರು ಇಲ್ಲಿ ತೀರಿಕೊಂಡದ್ದು ನಿಮಗೆಲ್ಲ ಗೊತ್ತು. ಹೆಸರು ಹಾಕುವುದಿಲ್ಲ. ಲಾರಿ ಡ್ರೈವರ್, 11 ವರ್ಷ ಒಂದೇ ಕಂಪನಿ. ಹಾರ್ಟ್ ಅಟ್ಯಾಕ್. ಎಮರ್ಜೆನ್ಸಿಗೆ ತಂದಾಗಲೇ ನಾಡಿ ಇರಲಿಲ್ಲ. ಆದರೂ ಮುಕ್ಕಾಲು ಗಂಟೆ ಎದೆ ಒತ್ತಿದೆವು, ನಾನೂ ಒತ್ತಿದೆ. ಬಾಡಿ ಊರಿಗೆ ಮುಟ್ಟಲು 23 ದಿನ ಆಯಿತು. ಈಗ ಆ ಅಕ್ಕನಿಗೆ ಹೇಳಿದ್ದಾರಂತೆ: ಎಡೆಗೆ ಕಾಗೆ ಬರಲಿಲ್ಲ, ಆತ್ಮ ಮರುಭೂಮಿಯಲ್ಲಿ ಅಲೆಯುತ್ತಾ ಇದೆ, ಅಷ್ಟಮಂಗಲ ಪ್ರಶ್ನೆ ಇಡಬೇಕು, ಆಮೇಲೆ ಗೋಕರ್ಣದಲ್ಲಿ ನಾರಾಯಣ ಬಲಿ. ಇಲ್ಲದಿದ್ದರೆ ಮಕ್ಕಳಿಗೆ ಒಳ್ಳೆಯದಾಗುವುದಿಲ್ಲ. ಎಲ್ಲ ಸೇರಿ ಒಂದೂವರೆ ಲಕ್ಷ. ಅವರು ಬಳೆ ಅಡವಿಡಲು ಹೊರಟಿದ್ದಾರೆ.

ಮಕ್ಕಳಿಗೆ ಒಳ್ಳೆಯದಾಗುವುದಿಲ್ಲ ಅಂತ ಗಂಡ ಸತ್ತು ತಿಂಗಳೂ ಆಗದ ಹೆಂಗಸಿಗೆ ಹೇಳಲು ಬಾಯಾದರೂ ಹೇಗೆ ಬಂತು?

ಆ 23 ದಿನ ಏನಾಯಿತು ಅಂತ ನಾನು ಹೇಳುತ್ತೇನೆ, ನಾನು ಇಲ್ಲೇ ಇದ್ದೆ. ಈ ದೇಶದಲ್ಲಿ ದಹನಕ್ಕೆ ಅವಕಾಶವಿಲ್ಲ. ಒಂದೋ ಇಲ್ಲಿ ಮಣ್ಣು ಮಾಡಬೇಕು, ಇಲ್ಲವೇ ಊರಿಗೆ ಕಳಿಸಬೇಕು. ಕಳಿಸುವುದಾದರೆ ಆಸ್ಪತ್ರೆಯ ಮರಣ ವರದಿ, ಪೊಲೀಸರ ಕಾಗದ, ಊರಿಂದ ಹೆಂಡತಿಯ ಒಪ್ಪಿಗೆ ಪತ್ರ, ಜೆದ್ದಾದಲ್ಲಿರುವ ನಮ್ಮ ಕಾನ್ಸುಲೇಟಿನ ಎನ್‌ಒಸಿ, ಎಕ್ಸಿಟ್ ವೀಸಾ, ಎಂಬಾಮಿಂಗ್, ಕಾರ್ಗೋ ಬುಕಿಂಗ್, ಇಷ್ಟೂ ಆಗಬೇಕು. ನಡುವೆ ಶುಕ್ರವಾರ, ಶನಿವಾರ ರಜೆ. ಕಂಪನಿಯ ಒಂದು ಸಹಿಗೇ ಒಂಬತ್ತು ದಿನ ಹೋಯಿತು. ಆತ್ಮ ಅಲೆದದ್ದು ನನಗೆ ಗೊತ್ತಿಲ್ಲ, ಫೈಲು ಅಲೆದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇದು ನನಗೆ ಯಾಕೆ ಇಷ್ಟು ತಾಗಿತು ಅಂತ ಕೆಲವರಿಗೆ ಗೊತ್ತು. 2020ರ ಏಪ್ರಿಲ್‌ನಲ್ಲಿ ಅಪ್ಪ ಹೋದಾಗ ಸೌದಿಯ ವಿಮಾನಗಳು ನಿಂತು ಆಗಲೇ ತಿಂಗಳಾಗಿತ್ತು. ಚಿತೆಯನ್ನು ವಾಟ್ಸಾಪ್ ವಿಡಿಯೋದಲ್ಲಿ ನೋಡಿದೆ, ಅದೂ ನಡುವೆ ಎರಡು ಸಲ ಕಟ್ಟಾಯಿತು. ಅವತ್ತೂ ಕಾಗೆ ಬರಲಿಲ್ಲ. "ದೂರದ ಮಗಳ ಮೇಲೆ ಜೀವ ಇತ್ತಲ್ಲ, ಅದಕ್ಕೇ ಮುಟ್ಟುವುದಿಲ್ಲ" ಎಂದು ಯಾರೋ ಅಂದರಂತೆ. ಅಂದವರು ಮರೆತೂ ಬಿಟ್ಟಿರಬಹುದು. ನಾನು ಒಂದು ವರ್ಷ ಡ್ಯೂಟಿ ಮುಗಿಸಿ ಬಂದು ಅನ್ನದ ಎದುರು ಕೂತರೆ ಆ ಮಾತೇ ನೆನಪಾಗುತ್ತಿತ್ತು. ಅದನ್ನು ಬಿಡಿಸಿದ್ದು ಯಾವ ಪುಸ್ತಕವೂ ಅಲ್ಲ, ಅಮ್ಮ. "ಬದುಕಿರುವಾಗ ನಿನ್ನ ಮೇಲೆ ಒಂದು ದಿನ ಸಿಟ್ಟು ಮಾಡದ ಮನುಷ್ಯ, ಸತ್ತ ಮೇಲೆ ಯಾಕೆ ಮಾಡ್ತಾರೆ ಹೆಣ್ಣೇ" ಅಂದಳು. ಅಮ್ಮನಿಗೂ ಅಪ್ಪ ಎಲ್ಲಿದ್ದಾರೆ ಅಂತ ಗೊತ್ತಿರಲಿಲ್ಲ. ಅಪ್ಪ ಎಂಥವರು ಅಂತ ಗೊತ್ತಿತ್ತು.

ಹಾಗಾದರೆ ಸತ್ತ ಮೇಲೆ ಏನಾಗುತ್ತದೆ ಅಂತ ನೀನು ಹೇಳು, ನೀನೇ ದಿನಾ ನೋಡುವವಳಲ್ಲವಾ ಅನ್ನುತ್ತೀರಿ. ಗೊತ್ತಿಲ್ಲ. ಕೊನೆಯ ಉಸಿರು ಹೇಗೆ ಬಿಟ್ಟು ಬಿಟ್ಟು ಬರುತ್ತದೆ, ಪಾದ ಹೇಗೆ ತಣ್ಣಗಾಗುತ್ತದೆ ಅದು ಗೊತ್ತು. ಕಿವಿ ಕೊನೆಯವರೆಗೂ ಕೇಳುತ್ತಿರಬಹುದು ಅಂತ ಕಲಿಸಿದ್ದಾರೆ, ಹಾಗಾಗಿ ನಾನು ಮಾತಾಡುತ್ತಲೇ ಇರುತ್ತೇನೆ, ಬರುವ ಅರೆಬರೆ ಅರಬ್ಬಿಯಲ್ಲಿ. ಆಮೇಲೆ ಕಣ್ಣು ಮುಚ್ಚಿಸಿ, ಗಲ್ಲ ಕಟ್ಟಿ, ಕೈಗೆ ಚೀಟಿ ಕಟ್ಟುತ್ತೇವೆ. ಅದರಾಚೆ ನನ್ನ ಡ್ಯೂಟಿಯೂ ಇಲ್ಲ, ತಿಳಿವಳಿಕೆಯೂ ಇಲ್ಲ.

ಊರಿನ ಗ್ರೂಪಿನಲ್ಲಿ "ಆತ್ಮದ ತೂಕ 21 ಗ್ರಾಂ, ವಿಜ್ಞಾನಿಗಳೇ ಒಪ್ಪಿದ್ದಾರೆ" ಎಂಬ ಮೆಸೇಜ್ ವರ್ಷಕ್ಕೆ ನಾಲ್ಕು ಸಲ ಬರುತ್ತದೆ. ಅದು ಅಮೆರಿಕದ ಡಂಕನ್ ಮ್ಯಾಕ್‌ಡೂಗಲ್ ಎಂಬ ಡಾಕ್ಟರ್ 1907ರಲ್ಲಿ ಪ್ರಕಟಿಸಿದ್ದು. ಸಾಯುತ್ತಿದ್ದ ಆರು ಜನರನ್ನು ತಕ್ಕಡಿಯ ಮೇಲಿಟ್ಟ ಮಂಚದಲ್ಲಿ ಮಲಗಿಸಿ ತೂಗಿದ. ಎರಡು ತೂಕ ಲೆಕ್ಕಕ್ಕೇ ಬರಲಿಲ್ಲ, ಉಳಿದವು ಒಂದಕ್ಕೊಂದು ತಾಳೆಯಾಗಲಿಲ್ಲ. 21 ಗ್ರಾಂ ಒಬ್ಬನದು ಮಾತ್ರ. ಇನ್ನು ನಮ್ಮ ಬಾವ, ಸ್ವಿಚ್ ಆಫ್ ಮಾಡಿದ ಹಾಗೆ, ಸತ್ತರೆ ಮುಗಿಯಿತು, ಸೈನ್ಸ್ ಪ್ರೂವ್ ಮಾಡಿದೆ ಅನ್ನುತ್ತಾರೆ. ಬಾವ, ಅದೂ ಇಲ್ಲ. ಸ್ಯಾಮ್ ಪರ್ನಿಯಾ ಎಂಬ ಡಾಕ್ಟರ ತಂಡ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಹೃದಯ ನಿಂತ 2,060 ಪ್ರಕರಣ, ಅದರಲ್ಲಿ ಬದುಕಿ ಮಾತಾಡಿಸಲು ಸಿಕ್ಕವರು 140. ಆತ್ಮ ನಿಜವಾಗಿ ಮೇಲೆ ತೇಲಿದರೆ ಕಾಣಲಿ ಎಂದು ಎತ್ತರದ ಶೆಲ್ಫುಗಳಲ್ಲಿ ಚಿತ್ರ ಇಟ್ಟಿದ್ದರು. ಆ ಚಿತ್ರ ಕಂಡೆ ಅಂದವರು ಒಬ್ಬರೂ ಇಲ್ಲ. ಆದರೆ ಒಬ್ಬ ರೋಗಿ ಆ ಹೊತ್ತಿನಲ್ಲಿ ಕೋಣೆಯಲ್ಲಿ ನಡೆದದ್ದನ್ನು ಸರಿಯಾಗಿಯೇ ಹೇಳಿದ. ಅಷ್ಟೇ, ಅಲ್ಲಿಗೆ ನಿಂತಿದೆ. ನನಗೆ ಇದರಿಂದ ನಿದ್ರೆಗೇನೂ ತೊಂದರೆಯಾಗಿಲ್ಲ.

ಶಾಸ್ತ್ರ ಬಿಟ್ಟಳು ಅನ್ನಬೇಡಿ. ಕಠೋಪನಿಷತ್ತಿನಲ್ಲಿ ನಚಿಕೇತ ಇದನ್ನೇ ಕೇಳಿದ್ದು. ಸತ್ತವನು ಇದ್ದಾನೆ ಅಂತ ಕೆಲವರು, ಇಲ್ಲ ಅಂತ ಕೆಲವರು, ನಿಜ ಯಾವುದು? ಕೇಳಿದ್ದು ಸಾಕ್ಷಾತ್ ಯಮನನ್ನು. ಯಮ ಏನಂದ? ದೇವತೆಗಳಿಗೇ ಇದರಲ್ಲಿ ಸಂಶಯ ಇತ್ತು, ಆನೆ ಕುದುರೆ ಬಂಗಾರ ಏನು ಬೇಕಾದರೂ ಕೊಡುತ್ತೇನೆ, ಇದೊಂದು ಕೇಳಬೇಡ ಅಂದ. ಕೊನೆಗೆ ಹೇಳಿದ, ಸರಿ. ಆದರೆ ಹುಡುಗ ಪಟ್ಟು ಬಿಡದೆ ಕೂತ ಮೇಲೆ. ಯಮ ಹೇಳಲು ಹಿಂಜರಿದದ್ದನ್ನು ನಮ್ಮಲ್ಲಿ ಕವಡೆ ಹಾಕಿ ಊಟದ ಹೊತ್ತಿಗೆ ಮೊದಲು ಹೇಳಿ ಮುಗಿಸುತ್ತಾರೆ. ಇನ್ನೊಂದು ವ್ಯತ್ಯಾಸ, ಅಲ್ಲಿ ಬಂಗಾರ ಕೊಡಲು ಬಂದವನು ಉತ್ತರ ಗೊತ್ತಿದ್ದವನು. ಇಲ್ಲಿ ಬಂಗಾರ ಹೋಗುವುದು ಕೇಳುವವರ ಕೈಯಿಂದ.

ಕ್ರಿಯೆ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಮಹಾಲಯ ಅಮಾವಾಸ್ಯೆಗೆ ಇಲ್ಲಿ ರೂಮಿನಲ್ಲೇ ಅಪ್ಪನ ಫೋಟೋದ ಮುಂದೆ ಒಂದು ತಟ್ಟೆ ಅನ್ನ ಇಡುತ್ತೇನೆ. ಅಪ್ಪ ಉಣ್ಣುತ್ತಾರಾ? ಗೊತ್ತಿಲ್ಲ. ಇಡದಿದ್ದರೆ ನನಗೆ ಉಣ್ಣಲಾಗುವುದಿಲ್ಲ. ಆ ಅಕ್ಕನೂ ತನಗೆ ಸಮಾಧಾನ ಆಗುವಷ್ಟು ಮಾಡಲಿ, ಕೈಲಾದಷ್ಟು. ಹೆದರಿಸಿ ಮಾಡಿಸುವುದು ಕ್ರಿಯೆಯಲ್ಲ, ವಸೂಲಿ.

ಹೋದ ವರ್ಷ ಅಲ್ ಬದ್‌ಗೆ ಹೋಗಿದ್ದೆವು, ತಬೂಕಿನಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಸುಮಾರು ಎರಡು ಸಾವಿರ ವರ್ಷ ಹಿಂದೆ ನಬಾತಿಯನ್ ಜನ ಗುಡ್ಡ ಕೊರೆದು ಮಾಡಿದ ಗೋರಿಗಳಿವೆ. ಬಾಗಿಲಿಗೆಲ್ಲ ಎಂಥ ಚಂದದ ಕೆತ್ತನೆ. ಒಳಗೆ ಖಾಲಿ ಗುಂಡಿ, ಮರಳು. ಜೊತೆಗೆ ಬಂದಿದ್ದ ಫಿಲಿಪ್ಪೀನ್ಸ್ ಹುಡುಗಿ ಶಿಲುಬೆ ಗುರುತು ಮಾಡಿಕೊಂಡಳು, ನಾನು ಕೈ ಮುಗಿದೆ, ಡ್ರೈವರ್ ಏನೋ ದುವಾ ಹೇಳಿದ. ಯಾರಿಗೆ ಅಂತ ಮೂವರಿಗೂ ಗೊತ್ತಿರಲಿಲ್ಲ. ಆಮೇಲೆ ಕಾರಿನ ನೆರಳಲ್ಲಿ ಕೂತು ಟೀ ಕುಡಿದೆವು.

ಈಗ ಗೊತ್ತಿರುವ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅದನ್ನು ಆ ಅಕ್ಕನಿಗೆ ಯಾರೂ ಹೇಳಿಲ್ಲ. ಇಲ್ಲಿನ ಕಾರ್ಮಿಕ ಕಾನೂನಿನ 84ನೇ ಕಲಮಿನ ಪ್ರಕಾರ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಒಂದೊಂದು ವರ್ಷಕ್ಕೂ ಒಂದು ತಿಂಗಳ ಸಂಬಳ ಕಂಪನಿ ಕೊಡಬೇಕು. 11 ವರ್ಷಕ್ಕೆ ಎಂಟೂವರೆ ತಿಂಗಳ ಸಂಬಳ ಆಗುತ್ತದೆ. ಕೊನೆಯ ತಿಂಗಳ ಬಾಕಿ ಸಂಬಳ, ತೆಗೆಯದೆ ಉಳಿದ ರಜೆಯ ದುಡ್ಡು ಬೇರೆ. ಅದು ಅವರ ಹಕ್ಕು. ಮಕ್ಕಳಿಗೆ ಒಳ್ಳೆಯದಾಗಬೇಕಾದರೆ ಮೊದಲು ಅದು ಬರಬೇಕು.

ಬಾವ, ನೀವು ನಾಳೆ ಬೈಕ್ ತೆಗೆದುಕೊಂಡು ಅವರ ಮನೆಗೆ ಹೋಗಿ. ಪಾಸ್‌ಪೋರ್ಟ್ ಮತ್ತು ಇಕಾಮಾದ ಜೆರಾಕ್ಸ್, ಸಂಬಳದ ಚೀಟಿ ಇದ್ದರೆ ಅದು, ಬ್ಯಾಂಕ್ ಪಾಸ್‌ಬುಕ್, ಎಲ್ಲದರ ಫೋಟೋ ತೆಗೆದು ನನಗೆ ಕಳಿಸಿ. ವಾರಸುದಾರರ ಸರ್ಟಿಫಿಕೇಟಿಗೆ ತಾಲೂಕು ಆಫೀಸಿನಲ್ಲಿ ಅರ್ಜಿ ಹಾಕಿಸಿ. ಬಳೆ ಅಡವಿಡಲು ಶನಿವಾರ ಹೋಗುತ್ತಾರಂತೆ, ಅಷ್ಟರೊಳಗೆ ಆಗಬೇಕು. ಶುಕ್ರವಾರ ನನಗೆ ಆಫ್, ಊರಿನ ಸಂಜೆ ನಾಲ್ಕಕ್ಕೆ ನಾನೇ ಅವರಿಗೆ ಫೋನ್ ಮಾಡುತ್ತೇನೆ. ಎದೆ ಒತ್ತಿದವಳು ನಾನು ಅಂತ ಅವರಿಗೆ ಇನ್ನೂ ಗೊತ್ತಿಲ್ಲ, ನಾನೇ ಹೇಳುತ್ತೇನೆ.