‘ಟೇಕ್ ಓವರ್’: ವಹಿಸಿಕೊಂಡದ್ದೋ, ವಶಪಡಿಸಿಕೊಂಡದ್ದೋ?

ಇಂಗ್ಲಿಷಿನಲ್ಲಿ ‘ಟೇಕ್’ ಎಂದರೆ ತೆಗೆದುಕೊಳ್ಳುವುದು. ಅದರೊಡನೆ ‘ಓವರ್’ ಸೇರಿದಾಗ, ಒಬ್ಬರ ಕೈಯಲ್ಲಿದ್ದ ಹತೋಟಿ ಇನ್ನೊಬ್ಬರ ಕೈಗೆ ಬರುವುದೆಂಬ ಹೊಸ ಅರ್ಥ ಹುಟ್ಟುತ್ತದೆ. ಈ ಪುಟ್ಟ ಮಾತನ್ನು ಕನ್ನಡಕ್ಕೆ ತರಹೊರಟ ವಿದ್ಯಾರ್ಥಿಗೆ ಒಂದೇ ಪ್ರತಿಪದ ಸಾಲದು.

ಹೊಸ ತಹಸೀಲ್ದಾರರು ಹಳಬರಿಂದ ಕಚೇರಿಯನ್ನು ಟೇಕ್ ಓವರ್ ಮಾಡಿದರೆ, ಅವರು ಅಧಿಕಾರವನ್ನು ‘ವಹಿಸಿಕೊಂಡರು’. ಸೈನ್ಯವು ಕೋಟೆಯನ್ನು ಟೇಕ್ ಓವರ್ ಮಾಡಿದರೆ ಅದನ್ನು ‘ವಶಪಡಿಸಿಕೊಂಡಿತು’. ವೃದ್ಧ ತಂದೆಯ ಬೇಸಾಯದ ಹೊಣೆಯನ್ನು ಮಗನು ‘ಹೊತ್ತನು’. ಕಳೆಯು ಹೊಲವನ್ನು ‘ಮುಚ್ಚಿತು’. ಭಯವು ಮನಸ್ಸನ್ನು ‘ಆವರಿಸಿತು’. ಇಂಗ್ಲಿಷಿಗೆ ಇವೆಲ್ಲವೂ ಒಂದೇ. ಕನ್ನಡವಾದರೋ, ಒಪ್ಪಿಸಿದ್ದನ್ನು ಪಡೆದರೋ, ಕಸಿದುಕೊಂಡರೋ ಎಂಬುದನ್ನು ಮೊದಲು ವಿಚಾರಿಸುತ್ತದೆ.

ಪ್ರಯೋಗದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಸರ್ವನಾಮ ಬಂದಾಗ ಅದು ನಡುವೆ ನಿಲ್ಲಬೇಕು: ‘ಟೇಕ್ ಇಟ್ ಓವರ್’ ಸರಿ, ‘ಟೇಕ್ ಓವರ್ ಇಟ್’ ತಪ್ಪು. ಪದಗಳನ್ನು ಹಿಂದುಮುಂದು ಮಾಡಿದರೆ ಬರುವ ‘ಓವರ್‌ಟೇಕ್’ ಬೇರೆಯೇ ಮಾತು. ಅದು ರಸ್ತೆಯಲ್ಲಿ ಮುಂದಿನ ಬಸ್ಸನ್ನು ಹಿಂದೆ ಹಾಕುವುದು.

ಈ ಕ್ರಿಯಾಪದದ ಮರ್ಮವನ್ನು ಬಳ್ಳಾರಿಯ ಚರಿತ್ರೆ ಚೆನ್ನಾಗಿ ತೋರಿಸುತ್ತದೆ. ಟಿಪ್ಪುವಿನೊಡನೆ ನಡೆದ ಯುದ್ಧಗಳ ಫಲವಾಗಿ ಈ ಸೀಮೆ ಹೈದರಾಬಾದಿನ ನಿಜಾಮನ ಕೈಸೇರಿತ್ತು. ತನ್ನ ರಾಜ್ಯದಲ್ಲಿರಿಸಿಕೊಂಡ ಕಂಪನಿ ಸೇನೆಯ ವೆಚ್ಚಕ್ಕಾಗಿ, 1800ರ ಅಕ್ಟೋಬರ್ 12ರ ಒಪ್ಪಂದದಂತೆ ಅವನು ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಕಂಪನಿಯ ಪರವಾಗಿ ಥಾಮಸ್ ಮನ್ರೋ 1807ರವರೆಗೆ ಅಲ್ಲಿ ಪ್ರಧಾನ ಕಲೆಕ್ಟರಾಗಿದ್ದನು. ಕಂಪನಿಯ ಕಡೆಯಿಂದ ನೋಡಿದರೆ ಇದು ‘ಟೇಕ್ ಓವರ್’. ಆ ನಾಡಿಗೆ ಉಳಿದ ಹೆಸರು ಮಾತ್ರ ‘ದತ್ತಮಂಡಲ’, ಎಂದರೆ ಕೊಡಲ್ಪಟ್ಟ ಸೀಮೆ. ಕೊಟ್ಟವನುಂಟು, ಪಡೆದವನುಂಟು, ರೂಪನಗುಡಿಯ ಒಕ್ಕಲಿಗನನ್ನು ಕೇಳಿದವರಿಲ್ಲ.

ನೂರೈವತ್ತಮೂರು ವರ್ಷಗಳ ಬಳಿಕ ಹತೋಟಿ ಮತ್ತೆ ಕೈ ಬದಲಾಯಿಸಿತು. ಈ ಸಲ ಜನರ ಭಾಷೆ ಯಾವುದೆಂಬ ಪ್ರಶ್ನೆ ಎದ್ದಿತು. ರೂಪನಗುಡಿಯನ್ನೊಳಗೊಂಡ ಬಳ್ಳಾರಿ ತಾಲ್ಲೂಕಿನ ವಿವಾದ ಬಗೆಹರಿಯದೆ ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯೂ ನಡೆಯಿತು. 1953ರ ಅಕ್ಟೋಬರ್ 1ರಂದು ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಮೈಸೂರು ಬಳ್ಳಾರಿಯನ್ನು ‘ಟೇಕ್ ಓವರ್’ ಮಾಡಿತೆಂದು ಇಂಗ್ಲಿಷಿನಲ್ಲಿ ಬರೆದರೆ ವ್ಯಾಕರಣದೋಷವೇನೂ ಇಲ್ಲ. ಕನ್ನಡಿಗರು ಮಾತ್ರ ‘ಬಳ್ಳಾರಿ ಮೈಸೂರಿಗೆ ಸೇರಿತು’ ಎಂದರು. ಆ ವಾಕ್ಯದಲ್ಲಿ ಬಳ್ಳಾರಿಯೇ ಕರ್ತೃ. ಗಡಿಯಾಚೆಯ ಮೂರು ತಾಲ್ಲೂಕುಗಳ ಕನ್ನಡಿಗರ ಪಾಲಿಗೆ ಅದೇ ದಿನದ ಕ್ರಿಯಾಪದ ‘ಸೇರಿದರು’ ಅಲ್ಲ, ‘ಉಳಿದರು’.

ಆದ್ದರಿಂದ ಇಂಗ್ಲಿಷ್ ಪತ್ರಿಕೆಯಲ್ಲಿ ‘ಟೇಕ್ ಓವರ್’ ಕಂಡೊಡನೆ ಓದುಗರು ನಿಘಂಟಿನ ಮೊದಲ ಅರ್ಥಕ್ಕೆ ಕೈಹಾಕಬಾರದು. ಪಡೆದವರು ಯಾರು, ಕೊಟ್ಟವರು ಯಾರು, ಒಪ್ಪಿಗೆ ಯಾರದು ಎಂದು ವಿಚಾರಿಸಿ ಆಮೇಲೆ ಕನ್ನಡದ ಕ್ರಿಯಾಪದವನ್ನು ಆರಿಸಬೇಕು.