ಬಣ್ಣದ ನಕಾಶೆಗಳ ಬಡಿವಾರ

ಜಗತ್ತಿನ ಜನಾಂಗ, ಭಾಷೆ, ಮತಗಳನ್ನು ತೋರಿಸುವ ಬಣ್ಣಬಣ್ಣದ ನಕಾಶೆಗಳಿಗೆ ಈಗ ಎಲ್ಲಿಲ್ಲದ ಮರ್ಯಾದೆ. ಇಲ್ಲಿ ಹಸುರು, ಅಲ್ಲಿ ಹಳದಿ, ನಡುವೆ ಒಂದು ಕರಿಗೆರೆ; ಗೆರೆಯ ಈಚೆಗೆ ಇಂಥವರು, ಆಚೆಗೆ ಅಂಥವರು. ಇದನ್ನು ಕಂಡೊಡನೆ ವಿದ್ಯಾವಂತರೂ ವಾದ ಮುಗಿಯಿತೆಂದು ಕೈಕಟ್ಟಿ ಕೂಡುತ್ತಾರೆ. ಇದಕ್ಕೆ ನನ್ನ ತಕರಾರಿದೆ. ಇಂಥ ನಕಾಶೆ ಬಹುಮಟ್ಟಿಗೆ ಸಾಕ್ಷಿಯಲ್ಲ. ಸಾಕ್ಷಿಯ ವೇಷ ತೊಟ್ಟ ವಕೀಲ.

ಹಂಗೆರಿಯನ್ನೇ ನೋಡಿ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಆ ದೇಶವನ್ನು ಕತ್ತರಿಸಿ ಹಂಚುವ ಮಾತು ನಡೆದಾಗ, ಪಾಲ್ ಟೆಲೆಕಿ ಎಂಬ ಭೂಗೋಳಜ್ಞ, ಮುಂದೆ ಅಲ್ಲಿನ ಪ್ರಧಾನಿಯಾದವನು, ೧೯೧೦ರ ಜನಗಣತಿಯ ಆಧಾರದಿಂದ ಒಂದು ನಕಾಶೆ ತಯಾರಿಸಿದ. ಹಂಗೆರಿಯನ್ನರಿಗೆ ಕಣ್ಣು ಕುಕ್ಕುವ ಕೆಂಪು. ರುಮೇನಿಯನ್ನರಿಗೆ ಪೇಲವವಾದ ನೇರಳೆ. ಜನ ವಿರಳವಾಗಿದ್ದ ಬೆಟ್ಟಸೀಮೆ ಬರಿಯ ಬಿಳಿ. ಆ ಬೆಟ್ಟಸೀಮೆಯಲ್ಲಿ ಹೆಚ್ಚಾಗಿ ಇದ್ದವರು ರುಮೇನಿಯನ್ನರೇ! ಅಂಕಿಗಳು ಜನಗಣತಿಯವು, ಜಾಣತನವೆಲ್ಲ ಬಣ್ಣದ್ದು. ಆದರೆ ಎದುರು ಪಕ್ಷದವರಲ್ಲಿಯೂ ನಕಾಶೆಗಳಿದ್ದವು. ೧೯೨೦ರ ಟ್ರಿಯನಾನ್ ಒಪ್ಪಂದದಲ್ಲಿ ಹಂಗೆರಿ ಸುಮಾರು ಮೂರರಲ್ಲಿ ಎರಡು ಪಾಲು ನೆಲವನ್ನು ಕಳೆದುಕೊಂಡಿತು.

ಬಣ್ಣ ಬಳಿಯುವುದಕ್ಕೆ ಮೊದಲು ಪ್ರಶ್ನೆ ಕೇಳಬೇಕಷ್ಟೆ. ಅಲ್ಲಿಯೂ ತೊಡಕು. ೧೯೩೧ರ ಪೋಲೆಂಡಿನ ಜನಗಣತಿಯಲ್ಲಿ ಪೋಲೆಸಿಯೆ ಎಂಬ ಜೌಗುನಾಡಿನ ಏಳು ಲಕ್ಷಕ್ಕೂ ಹೆಚ್ಚು ಜನರ ತಾಯ್ನುಡಿಯಾಗಿ ದಾಖಲಾದದ್ದು ‘ಇಲ್ಲಿಯದು’ ಎಂದು. ಬೆಲರೂಸಿಗಳ, ಉಕ್ರೇನಿಯನ್ನರ ಸಂಖ್ಯೆಯನ್ನು ಕುಗ್ಗಿಸಲು ಸರಕಾರವೇ ಈ ಉತ್ತರವನ್ನು ಬೆಳೆಸಿತೆಂದು ದೂರುವವರಿದ್ದಾರೆ. ಇರಬಹುದು. ಆದರೆ ತನ್ನ ಮಾತಿಗೆ ಊರಿನಾಚೆಯ ಹೆಸರೊಂದು ಬೇಕೆಂದು ರೈತನಿಗೆ ಅನಿಸಿರಲಿಲ್ಲವೆಂಬುದೂ ಅಷ್ಟೇ ನಂಬತಕ್ಕ ಮಾತು. ಅವನಿಗೆ ಯಾವ ಬಣ್ಣ ಬಳಿಯೋಣ?

ದೂರದ ಮಾತೇಕೆ? ನಮ್ಮ ೨೦೧೧ರ ಜನಗಣತಿಯಲ್ಲಿ ಜನ ಬರೆಸಿದ ತಾಯ್ನುಡಿಗಳ ಹೆಸರುಗಳು ೧೯,೫೬೯. ಜರಡಿ ಹಿಡಿದ ಮೇಲೆ ಉಳಿದವು ೧,೩೬೯. ಅವನ್ನೂ ಒಂದರೊಳಗೊಂದು ಸೇರಿಸಿ ಕಡೆಗೆ ಪಟ್ಟಿ ಮಾಡಿದ ಭಾಷೆಗಳು ೧೨೧. ಹಿಂದಿಯ ೫೨ ಕೋಟಿಯಲ್ಲಿ ಭೋಜಪುರಿಯ ೫ ಕೋಟಿಯೂ ಅಡಗಿದೆ. ಇದು ಅನ್ಯಾಯವೆಂದು ನಾವು ಕನ್ನಡಿಗರು ಗುಡುಗುತ್ತೇವೆ, ಗುಡುಗಬೇಕಾದದ್ದೇ. ಆದರೆ ನೀಲಗಿರಿಯ ಬಡಗ ನುಡಿಯ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಅದೇ ಪಟ್ಟಿಯಲ್ಲಿ ಕನ್ನಡದ ಮೊತ್ತಕ್ಕೆ ಸೇರಿಸಲಾಗಿದೆ. ಬಡಗವು ಬೇರೆಯ ಭಾಷೆಯೆಂದು ಹೇಳುವ ಭಾಷಾಶಾಸ್ತ್ರಜ್ಞರು ಅನೇಕರು. ಅಲ್ಲಿ ನಮ್ಮ ಗುಡುಗು ಕೇಳಿಸಲಿಲ್ಲ. ನುಂಗುವವನು ಹಿಂದಿಯಾದರೆ ದಬ್ಬಾಳಿಕೆ, ನಾವಾದರೆ ಬಾಂಧವ್ಯ!

ಮಂಗಳೂರಿನಲ್ಲಿ ಮನೆಯೊಳಗೆ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡವಾಡುವ ಹುಡುಗ ಅಪರೂಪವಲ್ಲ. ನಕಾಶೆಯಲ್ಲಿ ಅವನಿಗೆ ಒಂದೇ ಬಣ್ಣ. ಗಣತಿಯವರು ತಾಯ್ನುಡಿಯ ಜತೆಗೆ ಬಲ್ಲ ಇನ್ನೆರಡು ಭಾಷೆಗಳನ್ನೂ ಬರೆದುಕೊಳ್ಳುತ್ತಾರೆ. ನಕಾಶೆ ಬರೆಯುವವರು ಆ ಎರಡನ್ನೂ ಮರೆತುಬಿಡುತ್ತಾರೆ.

‘ಹಾಗಾದರೆ ಗೆರೆಯೇ ಬೇಡವೆ? ೧೯೫೬ರಲ್ಲಿ ಕನ್ನಡನಾಡು ಒಂದಾದದ್ದು ಭಾಷೆಯ ಲೆಕ್ಕದಿಂದಲ್ಲವೆ?’ ಎಂದು ಕೇಳುವವರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಹರಿದು ಹಂಚಿಹೋಗಿದ್ದ ಜನ ತಮ್ಮ ನುಡಿಯಲ್ಲಿ ಕಚೇರಿ, ಶಾಲೆ ನಡೆಸಲು ಗೆರೆ ಬೇಕಾಗಿತ್ತು. ಎಳೆದದ್ದು ಒಳ್ಳೆಯದೇ ಆಯಿತು. ಆದರೆ ಆಡಳಿತಕ್ಕೆಂದು ಎಳೆದ ಗೆರೆಯೊಳಗೆ ಇರುವವರೆಲ್ಲ ಒಂದೇ ಬಗೆಯವರೆಂದು ಸಾಧಿಸುವುದು ಬೇರೆ. ಮೊದಲನೆಯದು ಅನುಕೂಲ, ಎರಡನೆಯದು ಅಹಂಕಾರ.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಪ್ರತಿಯೊಂದು ನಕಾಶೆಯ ಮೂಲೆಯಲ್ಲಿ, ಬರೆಸಿದವರು ಯಾರು, ಕೇಳಿದ ಪ್ರಶ್ನೆ ಏನು, ಯಾವ ಹೆಸರುಗಳನ್ನು ಯಾವುದರಲ್ಲಿ ಸೇರಿಸಿದರು ಎಂಬುದು ಅಚ್ಚಾಗಲಿ. ೨೦೨೭ರ ಜನಗಣತಿಯಲ್ಲಿ ಬಡಗರನ್ನು ಬಡಗರೆಂದೇ ಎಣಿಸಿರೆಂದು ಕೇಳುವವರಲ್ಲಿ ಕನ್ನಡಿಗರೇ ಮೊದಲಿಗರಾಗಲಿ. ನಾಲ್ಕು ಕೋಟಿಗೂ ಮೀರಿದ ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕಡಮೆಯಾದರೆ ಕನ್ನಡ ಬಡವಾಗದು. ಆಮೇಲೆ ಹಿಂದಿಯ ಲೆಕ್ಕವನ್ನು ಪ್ರಶ್ನಿಸುವಾಗ ನಮ್ಮ ದನಿಯೂ ನಡುಗದು.