ಆಟಿಕೆ ಅನ್ನೋ ಮುಂಚೆ

"ಮನೇಲಿ ಆ ವಿಡಿಯೋ ಗೇಮ್ ಆಡೋದು ಬಿಡ್ರೀ, ಕೈ ಕೆಟ್ಟೋಗುತ್ತೆ." ಪೈಲಟ್ ತರಬೇತಿಗೆ ಸೇರಿದ ಎಷ್ಟೋ ಹುಡುಗ-ಹುಡುಗಿಯರು ಕೇಳೋ ಮಾತಿದು. ಇದರಲ್ಲಿ ಅರ್ಧ ನಿಜ, ಅರ್ಧ ಹಳೇ ಗತ್ತು.

ನಿಜ ಯಾವುದು? ಮನೆಯ ಸಿಮ್ಯುಲೇಟರಿಗೆ ಒಗ್ಗಿದವರು ಕಿಟಕಿಯಾಚೆಯ ದಿಗಂತ ಬಿಟ್ಟು ಮೀಟರುಗಳನ್ನೇ ದಿಟ್ಟಿಸ್ತಾ ಕೂರ್ತಾರೆ. ರಡರ್ ಮೇಲಿನ ಕಾಲಿನ ಒತ್ತಡ, ಸೀಟಿನಡಿ ವಿಮಾನ ಕುಸಿಯುವ ಅನುಭವ, ನೆಲ ಮುಟ್ಟುವ ಮುಂಚಿನ ಆ ಕೆಲವು ಸೆಕೆಂಡು, ಇವನ್ನು ಯಾವ ಮಾನಿಟರೂ ಕಲಿಸಲ್ಲ. ಒಪ್ಪೋಣ.

ಆದ್ರೆ ಚೆಕ್‌ಲಿಸ್ಟ್ ಬಾಯಿಪಾಠ ಮಾಡೋಕೆ, ರೇಡಿಯೋದಲ್ಲಿ ತಡವರಿಸದೆ ಮಾತಾಡೋಕೆ, ವಿಓಆರ್ ಮುಳ್ಳು ಎತ್ತ ವಾಲಿದರೆ ಎತ್ತ ತಿರುಗಬೇಕು ಅಂತ ತಿಳಿಯೋಕೆ ಸೆಸ್ನಾ 172ರ ಇಂಧನ ಯಾಕೆ ಸುಡಬೇಕು? ಕಮರ್ಷಿಯಲ್ ಲೈಸೆನ್ಸಿಗೆ ನಮ್ಮಲ್ಲಿ 200 ಗಂಟೆ ಹಾರಾಟ ಬೇಕು. ಒಂದೊಂದು ಗಂಟೆಗೂ ಸಾವಿರಾರು ರೂಪಾಯಿ. ಎಷ್ಟೋ ಮನೆಗಳಲ್ಲಿ ಅದು ಅಪ್ಪನ ಪಿಎಫ್, ಅಮ್ಮನ ಒಡವೆ. ಮನೆಯ ಸಿಮ್ಯುಲೇಟರಿನ ಒಂದು ನಿಮಿಷವೂ ಲಾಗ್‌ಬುಕ್ಕಿಗೆ ಸೇರಲ್ಲ, ಸೇರಲೂಬಾರದು. ಆದರೆ ಲಾಗ್‌ಬುಕ್ಕಿಗೆ ಸೇರುವ ಗಂಟೆ ದಂಡವಾಗದಂತೆ ಅದು ಕಾಯುತ್ತೆ.

ಎಡ್ವಿನ್ ಲಿಂಕ್ 1929ರಲ್ಲಿ ಅಪ್ಪನ ಪಿಯಾನೋ-ಆರ್ಗನ್ ಕಾರ್ಖಾನೆಯಲ್ಲಿ ಹಾರಾಟ ಕಲಿಸುವ ಯಂತ್ರ ಕಟ್ಟಿದ. ಮೊದಮೊದಲು ಅದನ್ನು ಕೊಂಡವರಲ್ಲಿ ಹೆಚ್ಚಿನವರು ಮನರಂಜನಾ ಪಾರ್ಕಿನವರು. 1934ರಲ್ಲಿ ಅಂಚೆ ಹೊತ್ತು ಹಾರಿದ ಅಮೆರಿಕದ ಸೇನಾ ಪೈಲಟ್‌ಗಳು ಕೆಟ್ಟ ಹವೆಗೆ ಸಿಕ್ಕಿ ಒಬ್ಬರ ಹಿಂದೊಬ್ಬರು ಸತ್ತರು. ಆಮೇಲೆ ಸೇನೆ ಅದೇ 'ಆಟಿಕೆ'ಗಳನ್ನು ಕೊಂಡಿತು, ಆರು.

ಗುರುಗಳೇ, ನಿಷೇಧ ಬೇಡ. ಮನೇಲಿ ಏನು ಅಭ್ಯಾಸ ಮಾಡಬೇಕು, ಏನು ಮಾಡಬಾರದು, ಅದನ್ನು ಹೇಳಿ. ಲ್ಯಾಂಡಿಂಗ್ ನೀವೇ ಕಲಿಸಿ. ಚೆಕ್‌ಲಿಸ್ಟ್ ಅವರು ಮನೇಲೇ ಕಲಿತು ಬರಲಿ.